ಅಮ್ಮನ ಹೆಸರಿನ ಮುಂದೆ ಒಂದು ‘ಇ’

2023ರ ಮೇ 10, ಬುಧವಾರ. ವಿಧಾನಸಭೆ ಚುನಾವಣೆ. ಬೆಂಗಳೂರಿನಲ್ಲಿ ನಾನು ಬೆಳಿಗ್ಗೆ ಏಳೂವರೆಗೇ ವೋಟು ಹಾಕಿ ಬಂದು, ಬೆರಳಿನ ಶಾಯಿಯ ಫೋಟೊ ಮನೆಯವರ ಗ್ರೂಪಿಗೆ ಹಾಕಿ, ಉಪ್ಪಿಟ್ಟು ತಿನ್ನುತ್ತಾ ಕೂತಿದ್ದೆ. ಹನ್ನೊಂದರ ಹೊತ್ತಿಗೆ ಊರಿನಿಂದ ಚಿಕ್ಕಪ್ಪನ ಫೋನು ಬಂತು. ಮಾತಾಡಿದ್ದು ಅಮ್ಮ.

“ನನ್ನ ಹೆಸರೇ ಇಲ್ವಂತೆ ಕಣೋ.”

ಅಮ್ಮನಿಗೆ ಆಗ 71 ವರ್ಷ. 1977ರಿಂದ ಒಂದು ಚುನಾವಣೆಯನ್ನೂ ಬಿಟ್ಟವಳಲ್ಲ. ಅಪ್ಪ ತೀರಿಕೊಂಡ ವರ್ಷವೂ ಹೋಗಿ ಹಾಕಿ ಬಂದಿದ್ದಳು. ಅವತ್ತು ತಲೆಗೆ ನೀರು ಹಾಕಿಕೊಂಡು, ಮದುವೆ ಮನೆಗೆ ಉಡುವ ಸೀರೆ ಉಟ್ಟು, ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನಲ್ಲಿ ವೋಟರ್ ಕಾರ್ಡ್ ಇಟ್ಟುಕೊಂಡು ಚಿಕ್ಕಪ್ಪನ ಬೈಕಿನಲ್ಲಿ ಶಾಲೆಗೆ ಹೋಗಿದ್ದಾಳೆ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತಿದ್ದಾಳೆ. ಒಳಗೆ ಹೋದರೆ ಪಟ್ಟಿ ಇಟ್ಟುಕೊಂಡು ಕೂತವರು ಬೆರಳಿಟ್ಟು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿ, “ನಿಮ್ಮದು ಇಲ್ಲಮ್ಮ” ಅಂದಿದ್ದಾರೆ. ಕಾರ್ಡ್ ಇದೆಯಲ್ಲ ಅಂದಿದ್ದಕ್ಕೆ, “ಕಾರ್ಡ್ ಇದ್ರೆ ಸಾಲದು, ಪಟ್ಟೀಲಿ ಹೆಸರಿರಬೇಕು” ಅಂದರಂತೆ. ಅದು ನಿಜ. ನಮ್ಮಲ್ಲಿ ತುಂಬಾ ಜನ ಕಾರ್ಡೇ ಹಕ್ಕುಪತ್ರ ಅಂದುಕೊಂಡಿದ್ದೇವೆ. ಕಾರ್ಡು ಬರೀ ಗುರುತು ಹೇಳುತ್ತದೆ, ಹಕ್ಕು ಇರುವುದು ಪಟ್ಟಿಯಲ್ಲಿ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಪಟ್ಟಿಯಲ್ಲಿ ಅಮ್ಮನದೇ ಹೆಸರಿನ ಇನ್ನೊಬ್ಬರು ಇದ್ದರು. ಕೆರೆ ಹಿಂದಿನ ಮನೆಯ ಅಜ್ಜಿ. ಅಮ್ಮನ ಹೆಸರು ನಮ್ಮೂರಲ್ಲಿ ನಾಲ್ಕು ಮನೆಗೊಬ್ಬರಿಗೆ ಇದೆ, ಅದೇನು ದೊಡ್ಡ ವಿಷಯವಲ್ಲ. ಆದರೆ ಆ ಅಜ್ಜಿ ಹಿಂದಿನ ದೀಪಾವಳಿಗೆ ಮುಂಚೆಯೇ ತೀರಿಕೊಂಡಿದ್ದರು. ತಿಥಿ ಊಟಕ್ಕೆ ನಾವೆಲ್ಲ ಹೋಗಿದ್ದೆವು. ಹೋದವರ ಹೆಸರು ಪಟ್ಟಿಯಲ್ಲಿತ್ತು, ಇರುವವಳದು ಇರಲಿಲ್ಲ.

ಹೊರಗೆ ಮೇಜು ಹಾಕಿಕೊಂಡು ಕೂತಿದ್ದ ಒಬ್ಬ ಹುಡುಗ ಚಿಕ್ಕಪ್ಪನ ಕಿವಿಯಲ್ಲಿ ಹೇಳಿದನಂತೆ: “ಹೆಸರು ಒಂದೇ ಅಲ್ವಾ, ಫೋಟೊನೂ ಸರಿಯಾಗಿ ಕಾಣಲ್ಲ, ಆ ನಂಬರಲ್ಲೇ ಹಾಕಿಸಿಬಿಡಿ.” ಹಾಗೆ ಮಾಡಿದರೆ ಒಂದು ವರ್ಷದವರೆಗೆ ಜೈಲು ಎನ್ನುವುದು ಅಮ್ಮನಿಗೆ ಗೊತ್ತಿರಲಿಲ್ಲ. ಅವಳು ಹೇಳಿದ್ದು ಬೇರೆ. “ಸತ್ತೋರ ವೋಟು ನಂಗ್ಯಾಕೆ?” ಅಂತ ಹೇಳಿ ಬೈಕ್ ಹತ್ತಿದಳಂತೆ.

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಮಾಡಿದ ಮೊದಲ ಎರಡು ಕೆಲಸವೂ ಸರಿಯಾಗಲಿಲ್ಲ.

ಒಂದು, ರಾಜ್ಯ ಚುನಾವಣಾ ಆಯೋಗಕ್ಕೆ ಉದ್ದನೆಯ ಇಮೇಲ್ ಬರೆದೆ. ಅದು ನನ್ನದೇ ತಪ್ಪು. ನಮ್ಮ ರಾಜ್ಯದಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆ ಇದೆ. ಗ್ರಾಮ ಪಂಚಾಯಿತಿ, ತಾಲ್ಲೂಕು, ಜಿಲ್ಲಾ ಪಂಚಾಯಿತಿ, ಪುರಸಭೆ, ನಗರಸಭೆ ಚುನಾವಣೆ ನೋಡಿಕೊಳ್ಳುವುದು ರಾಜ್ಯ ಚುನಾವಣಾ ಆಯೋಗ. ಎಂಎಲ್‌ಎ, ಎಂಪಿ ಚುನಾವಣೆ ಮತ್ತು ಅದರ ಮತದಾರರ ಪಟ್ಟಿ ಭಾರತ ಚುನಾವಣಾ ಆಯೋಗದ್ದು. ಆ ಆಯೋಗಕ್ಕೆ ರಾಜ್ಯದಲ್ಲಿರುವ ಮುಖ ಅಂದರೆ ಮುಖ್ಯ ಚುನಾವಣಾಧಿಕಾರಿ. ಅವರ ಕಚೇರಿ ಬೆಂಗಳೂರಿನ ಶೇಷಾದ್ರಿ ರಸ್ತೆಯ ನಿರ್ವಚನ ನಿಲಯ. ಎರಡರ ಹೆಸರೂ ಹತ್ತಿರ ಹತ್ತಿರ ಇರುವುದರಿಂದ ನನ್ನ ಹಾಗೆ ದಾರಿ ತಪ್ಪುವವರು ಜಾಸ್ತಿ. “ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ” ಅಂತ ಉತ್ತರ ಬಂತು. ಸರಿಯಾದ ಉತ್ತರವೇ.

ಎರಡು, ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿದೆ. ಮೊಬೈಲಿನಿಂದ ಮಾಡುವಾಗ ನಿಮ್ಮ ಜಿಲ್ಲೆಯ ಎಸ್‌ಟಿಡಿ ಕೋಡ್ ಮೊದಲು ಹಾಕಬೇಕು, ಅದು ಗೊತ್ತಾಗುವುದಕ್ಕೇ ನನಗೆ ಹತ್ತು ನಿಮಿಷ ಹೋಯಿತು. ಆ ಕಡೆ ಒಬ್ಬ ಹುಡುಗಿ, ಪಾಪ, ತಾಳ್ಮೆಯಿಂದ ಕೇಳಿಸಿಕೊಂಡಳು. ಇವತ್ತು ಏನೂ ಮಾಡೋಕಾಗಲ್ಲ ಸರ್ ಅಂದಳು. ಅದೂ ನಿಜ. ನಾಮಪತ್ರ ಹಾಕುವ ಕೊನೆಯ ದಿನ ದಾಟಿದ ಮೇಲೆ, ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ತಿದ್ದುವಂತಿಲ್ಲ. ಆ ಸಲ ಆ ದಿನ ಏಪ್ರಿಲ್ 20 ಆಗಿತ್ತು. ನಾನು ಫೋನ್ ಮಾಡಿದ್ದು ಇಪ್ಪತ್ತು ದಿನ ತಡವಾಗಿ.

ಅವಳು ಒಂದು ದೂರು ದಾಖಲಿಸಿಕೊಂಡು ನಂಬರ್ ಕೊಟ್ಟಳು. ಐದನೇ ದಿನಕ್ಕೆ ಮೆಸೇಜ್ ಬಂತು: ನಮೂನೆ 6 ಸಲ್ಲಿಸಲು ತಿಳಿಸಲಾಗಿದೆ, ದೂರು ಮುಕ್ತಾಯ. ಕೆಳಗೆ ‘ನಿಮಗೆ ತೃಪ್ತಿಯಾಯಿತೇ’ ಅಂತ ನಕ್ಷತ್ರಗಳು. ನಾನು ಕೇಳಿದ್ದು ಹೆಸರು ಹೇಗೆ ಹೋಯಿತು ಅಂತ. ಅವರು ಹೇಳಿದ್ದು ಹೆಸರು ಹೇಗೆ ಸೇರಿಸಬೇಕು ಅಂತ. ಮುಂದಿನ ಎಂಟು ತಿಂಗಳು ನಾನು ಹೋದಲ್ಲೆಲ್ಲ ಈ ಎರಡನ್ನೂ ಬೇರೆ ಮಾಡಿ ತಿಳಿಸುವುದೇ ಕೆಲಸವಾಯಿತು.

ಚುನಾವಣೆಯ ಅದೇ ವಾರ ನಮ್ಮ ಬೀದಿಯಲ್ಲಿ ಹಣ ಹಂಚುತ್ತಿದ್ದಾರೆ ಅಂತ ಪಕ್ಕದ ಮನೆಯ ಹುಡುಗ ಚುನಾವಣಾ ಅಕ್ರಮದ ದೂರಿಗೆಂದೇ ಆಯೋಗ ಮಾಡಿರುವ ಸಿವಿಜಿಲ್ ಆ್ಯಪಿನಲ್ಲಿ ವಿಡಿಯೊ ಹಾಕಿದ್ದ. ಒಂದು ಗಂಟೆಯೊಳಗೆ ಜೀಪು ಬಂತು. ಆ ಆ್ಯಪಿನ ಲೆಕ್ಕವೇ 100 ನಿಮಿಷದೊಳಗೆ ಕ್ರಮ ಆಗಬೇಕು ಅಂತ. ಒಳ್ಳೆಯದೇ. ಆದರೆ ಅದು ಪಕ್ಷದವರು, ಅಭ್ಯರ್ಥಿಗಳು ಮಾಡುವ ತಪ್ಪಿಗೆ. ಚುನಾವಣೆ ನಡೆಸುವವರದೇ ತಪ್ಪಾದರೆ ಅಂಥ ಗಡಿಯಾರ ಯಾವ ಗೋಡೆಯ ಮೇಲೂ ಇಲ್ಲ.

ಶನಿವಾರ ಎಣಿಕೆ ಮುಗಿಯಿತು. ಭಾನುವಾರ ಊರಿಗೆ ಹೋದೆ. ಮಧ್ಯಾಹ್ನ ಊಟ ಮಾಡಿ ಜಗಲಿಯ ಮೇಲೆ ಕೂತು, ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಿಂದ ನಮ್ಮ ಬೂತಿನ ಪಟ್ಟಿ ಇಳಿಸಿಕೊಂಡು ನೋಡಿದೆ. ಪಟ್ಟಿಯ ಕೊನೆಯಲ್ಲಿ ಪೂರಕ ಪಟ್ಟಿ ಅಂತ ಇರುತ್ತದೆ. ಸೇರಿದವರು, ತೆಗೆದವರು, ತಿದ್ದಿದವರು. ಯಾರೂ ಅಲ್ಲಿವರೆಗೆ ಹೋಗುವುದಿಲ್ಲ. ತೆಗೆದವರ ಪುಟದಲ್ಲಿ ಪ್ರತಿ ಹೆಸರಿನ ಮುಂದೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ‘ಎಸ್’ ಅಂದರೆ ಊರು ಬಿಟ್ಟವರು. ‘ಆರ್’ ಅಂದರೆ ಎರಡು ಕಡೆ ಇದ್ದವರು. ‘ಇ’ ಅಂದರೆ ಎಕ್ಸ್‌ಪೈರ್ಡ್.

ಕ್ರಮ ಸಂಖ್ಯೆ 412. ಅಮ್ಮನ ಹೆಸರು. ಗಂಡನ ಹೆಸರು ನಮ್ಮಪ್ಪನದು. ಮುಂದೆ ‘ಇ’.

ಅಮ್ಮ ಅಡುಗೆಮನೆಯಿಂದ ಕೂಗಿ ಕೇಳಿದಳು, “ಏನಂತೆ?” ನಾನು ಏನೋ ತಪ್ಪಾಗಿದೆ ಅಂತ ಹೇಳಿ ಸುಮ್ಮನಾದೆ. ಹಿಂದೆ ನಿಂತು ಫೋನ್ ನೋಡುತ್ತಿದ್ದ ಚಿಕ್ಕಪ್ಪ ಸುಮ್ಮನಾಗಲಿಲ್ಲ. “ಅತ್ತಿಗೆ, ನೀವು ಸತ್ತೋಗಿದ್ದೀರಂತೆ.” ಅಮ್ಮ ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ, “ಮತ್ತೆ ಪಿಂಚಣಿ ಬರ್ತಾ ಇದೆಯಲ್ಲ?” ಅಂದಳು. ಭಯ ಅವಳಿಗೆ ಅದರದ್ದು.

ಮಾರನೇ ದಿನ ನಮೂನೆ 6 ತುಂಬಿದೆವು. ಇದು ಹೊಸ ಮತದಾರರ ಅರ್ಜಿ. 18 ತುಂಬಿದ ಹುಡುಗರು ಹಾಕುವ ಅರ್ಜಿ. ಅದರಲ್ಲೇ 71ರ ಅಮ್ಮನೂ ಹೊಸಬಳಾಗಿ ಸಹಿ ಹಾಕಿದಳು. ಹಳೇ ಹೆಸರನ್ನೇ ವಾಪಸ್ ಕೂರಿಸುವುದಕ್ಕೆ ಬೇರೆ ಅರ್ಜಿ ಇಲ್ಲವೇ ಅಂತ ಕೇಳಿದೆ. ನಮೂನೆ 7 ಹೆಸರು ತೆಗೆಸಲು, ನಮೂನೆ 8 ತಿದ್ದುಪಡಿಗೆ, ವಿಳಾಸ ಬದಲಾವಣೆಗೆ, ಹೊಸ ಕಾರ್ಡಿಗೆ. ತಪ್ಪಾಗಿ ತೆಗೆದಿದ್ದನ್ನು ಸರಿ ಮಾಡಿ ಅಂತ ಕೇಳಲು ನಮೂನೆ ಇಲ್ಲ. ಅದಕ್ಕಿರುವುದು ಮೇಲ್ಮನವಿ, ಅದಕ್ಕೆ ಆಮೇಲೆ ಬರುತ್ತೇನೆ.

ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ನಮ್ಮೂರಿನ ಅಂಗನವಾಡಿ ಟೀಚರ್. ಅರ್ಜಿ ತೆಗೆದುಕೊಳ್ಳಲು ಅವರೇ ಮನೆಗೆ ಬಂದರು. ಅಮ್ಮನನ್ನು ನೋಡಿ ಕಣ್ಣಲ್ಲಿ ನೀರು. “ಅಮ್ಮಾ, ನಾನು ಹೀಗೆ ಬರ್ದಿಲ್ಲ. ನಂಗೆ ನೀವು ಗೊತ್ತಿಲ್ವಾ?” ಅಮ್ಮ ಅವರಿಗೆ ಕಾಫಿ ಕೊಟ್ಟು, “ಬಿಡಿ ಟೀಚರ್, ನಾನಿನ್ನೂ ಇದೀನಲ್ಲ” ಅಂದಳು. ಒಂಬೈನೂರು ಚಿಲ್ಲರೆ ಮತದಾರರ ಮನೆ ಸುತ್ತಬೇಕು, ಮಕ್ಕಳ ಊಟ ನೋಡಬೇಕು, ಪೋಲಿಯೊ, ಸರ್ವೆ, ಎಲ್ಲವೂ ಅವರ ತಲೆ ಮೇಲೆ. ಆಯೋಗ ಗೊತ್ತು ಮಾಡಿದ್ದ ಕನಿಷ್ಠ ಗೌರವಧನ ಆಗ ವರ್ಷಕ್ಕೆ 6,000 ರೂಪಾಯಿ. 2025ರಲ್ಲಿ ಅದನ್ನು 12,000 ಮಾಡಿದರು.

ಅರ್ಜಿ ಹಾಕಿದ ಮೇಲೆ ಅದು ಪಟ್ಟಿಯಾಗಿ ನೋಟಿಸ್ ಬೋರ್ಡಿಗೆ ಬರುತ್ತದೆ, ಆಕ್ಷೇಪ ಹೇಳಲು ಏಳು ದಿನ ಬಿಡುತ್ತಾರೆ, ಆಮೇಲೆ ಆದೇಶ. ಜೂನ್ 19ಕ್ಕೆ ಅಮ್ಮನ ಹೆಸರು ಸೇರಿತು. ಹೊಸ ಕ್ರಮ ಸಂಖ್ಯೆ, ಕಾರ್ಡಿಗೂ ಹೊಸ ನಂಬರ್. ಇಷ್ಟು ಚೆನ್ನಾಗಿ, ಒಂದು ರೂಪಾಯಿ ಖರ್ಚಿಲ್ಲದೆ ಆಯಿತು. ಅದನ್ನು ಹೇಳಲೇಬೇಕು.

ಇಲ್ಲಿಗೆ ಬಿಡಬಹುದಿತ್ತು. ಹೆಂಡತಿ ಹಾಗೇ ಹೇಳಿದಳು. ಆದರೆ ಆ ‘ಇ’ ನನ್ನ ತಲೆಯಿಂದ ಹೋಗಲಿಲ್ಲ.

ತಾಲ್ಲೂಕು ಕಚೇರಿಗೆ ಹೋದೆ. ನಮ್ಮ ಕಡೆ ಮತದಾರರ ನೋಂದಣಿ ಅಧಿಕಾರಿ ಅಂದರೆ ಉಪವಿಭಾಗಾಧಿಕಾರಿ, ಸಹಾಯಕ ನೋಂದಣಿ ಅಧಿಕಾರಿ ತಹಶೀಲ್ದಾರರು. ಕೆಲಸ ನಡೆಯುವುದು ಚುನಾವಣಾ ಶಾಖೆ ಅನ್ನುವ ಒಂದು ಕೋಣೆಯಲ್ಲಿ. ಮೂಲೆಯಲ್ಲಿ ಹಳೇ ಮರದ ಪೆಟ್ಟಿಗೆಗಳು, ಗೋಡೆಗೆ ‘ನೈತಿಕ ಮತದಾನ’ ಪೋಸ್ಟರ್, ಎರಡು ಕಂಪ್ಯೂಟರ್. ಕೇಸ್ ವರ್ಕರ್ ನನ್ನ ದೂರನ್ನು ಓದಿ, ತಿರುಗಿಸಿ, ಮತ್ತೆ ಓದಿ, “ಹೆಸರು ಸೇರಿದೆಯಲ್ಲ ಸರ್, ಇನ್ನೇನು?” ಅಂದರು.

“ತೆಗೆದ ಆದೇಶದ ಪ್ರತಿ ಬೇಕು.”

“ಅದೆಲ್ಲ ಯಾಕೆ ಸರ್ ಈಗ?”

ಟಪಾಲಿನಲ್ಲಿ ಕೊಟ್ಟು ಹೋಗಿ ಅಂದರು. ಎರಡು ಪ್ರತಿ ತಂದಿದ್ದೆ, ಒಂದಕ್ಕೆ ಸೀಲು ಹಾಕಿಸಿ ಇನ್‌ವರ್ಡ್ ನಂಬರ್ ಬರೆಸಿಕೊಂಡೆ. ಇಡೀ ಕತೆಯಲ್ಲಿ ನಾನು ಮಾಡಿದ ಜಾಣತನ ಇದೊಂದೇ. ಆ ಸೀಲಿಲ್ಲದಿದ್ದರೆ ಮುಂದೆ ಎಲ್ಲೂ ನನ್ನ ಮಾತಿಗೆ ದಿನಾಂಕವೇ ಇರುತ್ತಿರಲಿಲ್ಲ.

ನನ್ನ ಸ್ನೇಹಿತನೊಬ್ಬ ವಕೀಲ. ಕೋರ್ಟಿಗೆ ಹೋಗೋಣವಾ ಅಂತ ಕೇಳಿದೆ. ಅವನು ನಕ್ಕ. ಮತದಾರರ ಪಟ್ಟಿಯ ವಿಷಯವನ್ನು ಸಿವಿಲ್ ಕೋರ್ಟು ಮುಟ್ಟುವ ಹಾಗಿಲ್ಲ, 1950ರ ಪ್ರಜಾಪ್ರತಿನಿಧಿ ಕಾಯ್ದೆಯ 30ನೇ ಸೆಕ್ಷನ್ ಬಾಗಿಲು ಹಾಕಿದೆ ಅಂದ. ಗೆದ್ದವರ ಆಯ್ಕೆಯನ್ನೇ ಪ್ರಶ್ನಿಸುವುದಾದರೆ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು, ಆದರೆ ಅದು ನಿನ್ನ ಕೇಸ್ ಅಲ್ಲ. ನಿನಗಿರುವ ದಾರಿ 24ನೇ ಸೆಕ್ಷನ್. ನೋಂದಣಿ ಅಧಿಕಾರಿಯ ಆದೇಶದ ಮೇಲೆ ಜಿಲ್ಲಾಧಿಕಾರಿಗೆ ಮೇಲ್ಮನವಿ, 15 ದಿನದೊಳಗೆ. ಅಲ್ಲೂ ಸರಿ ಅನಿಸದಿದ್ದರೆ ಮುಖ್ಯ ಚುನಾವಣಾಧಿಕಾರಿಗೆ, 30 ದಿನದೊಳಗೆ. ಜೊತೆಗೆ ಆದೇಶದ ಪ್ರತಿ ಲಗತ್ತಿಸಬೇಕು.

“ಆದೇಶವೇ ಕೊಟ್ಟಿಲ್ವಲ್ಲೋ. ನೋಟಿಸೂ ಬಂದಿಲ್ಲ.”

ಆಗ ಅವನು ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಊರು ಬಿಟ್ಟಿದ್ದಾರೆ ಅಂತಲೋ, ಅರ್ಹತೆ ಇಲ್ಲ ಅಂತಲೋ ತೆಗೆಯುವುದಾದರೆ ಅವರನ್ನು ಮೊದಲು ಕೇಳಬೇಕು, ಮಾತಾಡಲು ಅವಕಾಶ ಕೊಡಬೇಕು ಅಂತ 22ನೇ ಸೆಕ್ಷನ್ನಿನಲ್ಲೇ ಇದೆ. ಸತ್ತಿದ್ದಾರೆ ಅಂತ ತೆಗೆಯುವಾಗ ಆ ಮಾತಿಲ್ಲ. ಸತ್ತವರನ್ನು ಕರೆದು ಏನು ಕೇಳುತ್ತೀಯಾ? ಕಾನೂನು ಬರೆದವರ ಲೆಕ್ಕ ಸರಿಯಾಗೇ ಇದೆ. ಬದುಕಿರುವವರನ್ನು ಸತ್ತವರ ಸಾಲಿಗೆ ಹಾಕಿದರೆ ಮಾತ್ರ ಅವರಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಇನ್ನೊಂದು ತೊಡಕನ್ನೂ ಅವನೇ ತೋರಿಸಿದ. ನಮೂನೆ 6 ಹಾಕಿ ಹೆಸರು ಸೇರಿಸಿಕೊಂಡ ಮೇಲೆ ಮೇಲ್ಮನವಿಯಲ್ಲಿ ಕೇಳುವುದಕ್ಕೆ ಉಳಿದಿದ್ದೇನು? ಮೊದಲು ಮೇಲ್ಮನವಿ ಹಾಕಬೇಕಿತ್ತು ಅನ್ನೋಣ ಅಂದರೆ, ಕೈಯಲ್ಲಿ ಆದೇಶವೇ ಇಲ್ಲ. “ಮಾಹಿತಿ ಹಕ್ಕು ಹಾಕು” ಅಂದ.

ಜೂನ್ 26ಕ್ಕೆ ಅಮ್ಮನ ಹೆಸರಿನಲ್ಲೇ ಅರ್ಜಿ ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ನನ್ನಂಥ ಉದ್ದಕ್ಕೆ ಬರೆಯುವವನಿಗೆ ಇದು ಶಿಕ್ಷೆ. ಆದರೆ ಅದರಿಂದ ಒಳ್ಳೆಯದೇ ಆಯಿತು. ಸಿಟ್ಟು, ನೋವು, ಅಮ್ಮನ ಸೀರೆ ಎಲ್ಲ ಕಳೆದು ಉಳಿದಿದ್ದು ಇಷ್ಟು: ಭಾಗ ಸಂಖ್ಯೆ ಇಂಥದ್ದು, ಕ್ರಮ ಸಂಖ್ಯೆ 412, ಹೆಸರು ತೆಗೆಯಲು ಬಂದ ನಮೂನೆ 7, ಸ್ಥಳ ಪರಿಶೀಲನೆಯ ವರದಿ, ಆದೇಶ, ಇವುಗಳ ದೃಢೀಕೃತ ಪ್ರತಿ ಕೊಡಿ.

ಮೂವತ್ತು ದಿನದ ಗಡುವು. 29ನೇ ದಿನ ಉತ್ತರ ಬಂತು. ಏಳು ಪುಟ, ಪುಟಕ್ಕೆ ಎರಡು ರೂಪಾಯಿಯಂತೆ 14 ರೂಪಾಯಿ ಕಟ್ಟಿ ತೆಗೆದುಕೊಳ್ಳಿ ಅಂತ. ಕಟ್ಟಿ ತಂದೆ.

ಆ ಏಳು ಹಾಳೆಯನ್ನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಓದಿದೆ. ಟೀ ಆರಿಹೋಯಿತು.

ಮೊದಲ ಹಾಳೆ ನಮೂನೆ 7. ಕೆರೆ ಹಿಂದಿನ ಮನೆಯ ಅಜ್ಜಿಯ ಮೊಮ್ಮಗ ಸಹಿ ಹಾಕಿದ್ದ. ಅಜ್ಜಿಯ ಗಂಡನ ಹೆಸರು ಸರಿಯಾಗಿತ್ತು. ಕ್ರಮ ಸಂಖ್ಯೆಯ ಜಾಗದಲ್ಲಿ ನೀಲಿ ಪೆನ್ನಿನಲ್ಲಿ 421. ಎರಡನೆಯದು ಅಜ್ಜಿಯ ಮರಣ ಪ್ರಮಾಣಪತ್ರದ ಜೆರಾಕ್ಸ್. ಅದೂ ಸರಿ. ಮೂರನೆಯದು ಟೀಚರ್ ವರದಿ, ಅವರ ದುಂಡು ಅಕ್ಷರದಲ್ಲಿ, ಅದರಲ್ಲೂ 421. ನಾಲ್ಕನೆಯದು ಮಹಜರು. ‘ಸದರಿ ಮತದಾರರು ಮೃತಪಟ್ಟಿರುವುದು ನಿಜವೆಂದು’ ಅಕ್ಕಪಕ್ಕದವರು ಬರೆದುಕೊಟ್ಟಿದ್ದು. ಅದರಲ್ಲಿ ನಂಬರೇ ಇರಲಿಲ್ಲ, ಬರೀ ಹೆಸರು. ಕೆಳಗೆ ಎರಡು ಸಹಿ. ಎರಡನೇ ಸಹಿ ನನಗೆ ಚೆನ್ನಾಗಿ ಗೊತ್ತಿತ್ತು. ಕೊನೆಯ ಅಕ್ಷರಕ್ಕೆ ಬಾಲ ಎಳೆದು ಕೆಳಗೆ ಎರಡು ಚುಕ್ಕೆ. ನಮ್ಮ ಚಿಕ್ಕಪ್ಪನದು.

ಐದನೇ ಹಾಳೆಯಿಂದ ಕಂಪ್ಯೂಟರಿನ ಪ್ರಿಂಟ್. ಅಲ್ಲಿ 412. ಪಕ್ಕದಲ್ಲೇ ಅಮ್ಮನ ಕಾರ್ಡಿನ ನಂಬರ್. ಗಂಡನ ಹೆಸರು ಬೇರೆ, ವಯಸ್ಸು ಬೇರೆ, ಮನೆ ನಂಬರ್ ಬೇರೆ. ಕೆಳಗೆ ‘ಪರಿಶೀಲಿಸಲಾಗಿದೆ’, ಅದರ ಕೆಳಗೆ ‘ಅನುಮೋದಿಸಲಾಗಿದೆ’. 2022ರ ಡಿಸೆಂಬರ್‌ನ ಒಂದು ದಿನಾಂಕ.

ಅಷ್ಟೇ. ನನ್ನ ತಲೆಯಲ್ಲಿ ಆಗಲೇ ಪಕ್ಷ ರಾಜಕೀಯ, ಪಿತೂರಿ, ಯಾರೋ ಬೇಕಂತಲೇ ಮಾಡಿದ್ದು ಅಂತೆಲ್ಲ ಓಡಿತ್ತು. ಓಡುವುದಕ್ಕೆ ಕಾರಣವೂ ಇತ್ತು. ಆ ಫೆಬ್ರವರಿಯಲ್ಲಿ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಸಲು ಆನ್‌ಲೈನ್‌ನಲ್ಲಿ ಗುಡ್ಡೆಗಟ್ಟಲೆ ನಮೂನೆ 7 ಬಂದಿದ್ದಕ್ಕೆ ಪೊಲೀಸ್ ಕೇಸಾಗಿತ್ತು. ಆಯೋಗವೇ ಆಮೇಲೆ ಹೇಳಿದ ಲೆಕ್ಕ ಇದು: 6,018 ಅರ್ಜಿ, ಅದರಲ್ಲಿ ಸರಿ ಇದ್ದದ್ದು 24, ಉಳಿದ 5,994 ತಿರಸ್ಕಾರ. ಅಲ್ಲಿ ಅರ್ಜಿಯೇ ಸುಳ್ಳು, ಆದರೆ ತೆಗೆಯುವ ಮುಂಚೆ ಯಾರೋ ಮನೆಮನೆಗೆ ಹೋಗಿ ನೋಡಿದರು. ನಮ್ಮಲ್ಲಿ ಅರ್ಜಿ ನಿಜ, ವರದಿ ನಿಜ, ಮಹಜರೂ ನಿಜ. ಎರಡು ಅಂಕಿ ಹಿಂದುಮುಂದಾಗಿದ್ದನ್ನು ಪರದೆ ಮುಂದೆ ಕೂತ ಇಬ್ಬರು ನೋಡಲಿಲ್ಲ. ನೋಡಿದ್ದರೆ ಗಂಡನ ಹೆಸರು ಕಣ್ಣಿಗೆ ಹೊಡೆಯುತ್ತಿತ್ತು.

ರಾತ್ರಿ ಚಿಕ್ಕಪ್ಪನಿಗೆ ಮಹಜರಿನ ಹಾಳೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ನಾನು ಆ ಅಜ್ಜಿಗೆ ಅಂತ ಹಾಕಿದ್ದು ಮಾರಾಯ!” ಅಮ್ಮ ಬಿಡಲಿಲ್ಲ. “ಮೈದುನನೇ ಸಾಯಿಸಿದ್ಮೇಲೆ ಬೇರೆಯವರಿಗೇನು ಹೇಳೋದು” ಅಂತ ಹಬ್ಬದ ದಿನ, ನೆಂಟರ ಮುಂದೆ, ಸಿಕ್ಕಿದಾಗಲೆಲ್ಲ ಹೇಳುತ್ತಿದ್ದಾಳೆ. ಇವತ್ತಿಗೂ.

ಆಗಸ್ಟ್ 2ಕ್ಕೆ ಏಳೂ ಹಾಳೆ ಲಗತ್ತಿಸಿ ಜಿಲ್ಲಾ ಚುನಾವಣಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ ದೂರು ಕೊಟ್ಟೆ. ಒಂದು ಪ್ರತಿ ಮುಖ್ಯ ಚುನಾವಣಾಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟ್. ಮೂರು ಕೇಳಿದ್ದೆ. ಕಂಪ್ಯೂಟರಿನಲ್ಲಿ 412 ಹಾಕಿದ್ದು ಯಾರು? ಅನುಮೋದಿಸುವ ಮುಂಚೆ ಕಾಗದ ಮತ್ತು ಪರದೆ ಎರಡನ್ನೂ ಹೋಲಿಸಿದ್ದು ಯಾರು? ತೀರಿಕೊಂಡ ಅಜ್ಜಿಯ ಹೆಸರು ಇನ್ನೂ ಯಾಕಿದೆ?

ವಕೀಲ ಸ್ನೇಹಿತ 32ನೇ ಸೆಕ್ಷನ್ ಕೂಡ ಬರಿ ಅಂದಿದ್ದ. ಪಟ್ಟಿಯ ಕೆಲಸದಲ್ಲಿ ಸರಿಯಾದ ಕಾರಣವಿಲ್ಲದೆ ಕರ್ತವ್ಯಲೋಪ ಮಾಡಿದರೆ ಕನಿಷ್ಠ ಮೂರು ತಿಂಗಳು, ಹೆಚ್ಚೆಂದರೆ ಎರಡು ವರ್ಷ ಜೈಲು. ಆದರೆ ನಾನು ನೇರ ಕೋರ್ಟಿಗೆ ಹೋಗಲಾಗದು, ಆಯೋಗ ಅಥವಾ ಮುಖ್ಯ ಚುನಾವಣಾಧಿಕಾರಿ ಹೇಳಿದರೆ ಮಾತ್ರ ಕೇಸು. ಬರೆಯಲು ಕೂತೆ, ಕೈ ಬರಲಿಲ್ಲ. ಎರಡು ಅಂಕಿ ಅದಲುಬದಲಾದದ್ದಕ್ಕೆ ಒಬ್ಬರನ್ನು ಜೈಲಿಗೆ ಕಳಿಸುವುದು ನನಗೆ ಬೇಕಿರಲಿಲ್ಲ. ಬಿಟ್ಟೆ.

ಸೆಪ್ಟೆಂಬರ್ ಮಧ್ಯದಲ್ಲಿ ಹಿಂಬರಹ ಬಂತು. ಸರ್ಕಾರಿ ಕಚೇರಿಗೆ ಅಲೆದವರಿಗೆ ಈ ಪದ ಗೊತ್ತಿರುತ್ತದೆ. ನಿಮ್ಮ ಅರ್ಜಿಯ ಬೆನ್ನಿಗೆ ಬರೆಯುವ ಉತ್ತರ. ‘ಉಲ್ಲೇಖಿತ ದೂರಿಗೆ ಸಂಬಂಧಿಸಿದಂತೆ, ಸದರಿ ಮತದಾರರ ಹೆಸರು ಈಗಾಗಲೇ ಸೇರ್ಪಡೆಯಾಗಿರುತ್ತದೆ. ಸಂಬಂಧಿಸಿದ ಮತಗಟ್ಟೆ ಮಟ್ಟದ ಅಧಿಕಾರಿಗೆ ಕಾರಣ ಕೇಳಿ ನೋಟಿಸ್ ಜಾರಿ ಮಾಡಲಾಗಿರುತ್ತದೆ. ಆದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.’

ಎರಡು ಸಲ ಓದಿದೆ. ಮೂರು ಪ್ರಶ್ನೆಗೆ ಒಂದಕ್ಕೂ ಉತ್ತರವಿಲ್ಲ. ಆದರೆ ಟೀಚರ್‌ಗೆ ನೋಟಿಸ್. ಇಡೀ ಕಡತದಲ್ಲಿ 421 ಅಂತ ಸರಿಯಾಗಿ ಬರೆದಿದ್ದವರಿಗೇ!

ಅವತ್ತು ಸಂಜೆ ಅಮ್ಮನ ಫೋನು. ಟೀಚರ್ ಮನೆಗೆ ಬಂದು ಅತ್ತು ಹೋಗಿದ್ದರು. “ನಿನ್ನ ಹಟಕ್ಕೆ ಆ ಹುಡುಗಿ ಕೆಲಸಕ್ಕೆ ಕುತ್ತು ತಂದ್ಯಲ್ಲೋ. ನಾನು ಕೇಳಿದ್ನಾ ನಿಂಗೆ?” ಅಮ್ಮ ಅಷ್ಟು ಸಿಟ್ಟಾಗಿ ನನ್ನ ಜೊತೆ ಮಾತಾಡಿದ್ದು ನಾನು ಡಿಗ್ರಿ ಫೇಲಾದಾಗ. ನನ್ನ ಹತ್ತಿರ ಉತ್ತರವಿರಲಿಲ್ಲ. ದೂರು ಕೊಡುವಾಗ ನಾನು ಮೇಲೆ ನೋಡಿ ಕೊಟ್ಟಿದ್ದೆ. ಅದು ಒಂದೊಂದೇ ಮೆಟ್ಟಿಲು ಇಳಿದು, ಇನ್ನು ಇಳಿಯಲು ಜಾಗವಿಲ್ಲದ ಕಡೆ ಹೋಗಿ ನಿಂತಿತ್ತು.

ಮರುದಿನವೇ ಎರಡನೇ ಪತ್ರ ಬರೆದೆ. ಇದು ದೂರಲ್ಲ, ದೂರಿನ ಮೇಲಿನ ದೂರು. ನಮೂನೆ 7, ಬಿಎಲ್‌ಒ ವರದಿ ಎರಡರಲ್ಲೂ ಸಂಖ್ಯೆ ಸರಿಯಿದೆ, ತಪ್ಪಾಗಿರುವುದು ನಂತರದ ದಾಖಲಾತಿಯಲ್ಲಿ, ಆದ್ದರಿಂದ ಇವರ ಮೇಲಿನ ನೋಟಿಸ್ ಹಿಂಪಡೆಯಿರಿ ಎಂದು. 421 ಇರುವ ಜಾಗಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಜೆರಾಕ್ಸ್ ಇಟ್ಟೆ. ಒಂದು ಪ್ರತಿ ಟೀಚರ್‌ಗೆ ಕೊಟ್ಟೆ, ನೋಟಿಸಿಗೆ ಉತ್ತರದ ಜೊತೆ ಇದನ್ನೂ ಲಗತ್ತಿಸಿ ಅಂತ. ಅವರು ತೆಗೆದುಕೊಂಡರು. ನನ್ನ ಮುಖ ನೋಡಲಿಲ್ಲ.

ಅಕ್ಟೋಬರ್ 27ಕ್ಕೆ ಮುಂದಿನ ವರ್ಷದ ಕರಡು ಪಟ್ಟಿ ಬಂತು. ನೋಡಿದರೆ 421ರಲ್ಲಿ ಅಜ್ಜಿ ಇನ್ನೂ ಇದ್ದಾರೆ. ಅಮ್ಮ ಕೊನೆಯ ಪುಟದಲ್ಲಿ, ಹೊಸ ಹುಡುಗರ ಜೊತೆ.

ಈಗ ಅಜ್ಜಿಯ ಹೆಸರು ತೆಗೆಸಲು ಮತ್ತೊಂದು ನಮೂನೆ 7 ಬೇಕು. ಮೊಮ್ಮಗ ಪುಣೆಗೆ ಕೆಲಸಕ್ಕೆ ಹೋಗಿದ್ದ. ನಾನೇ ಹಾಕೋಣ ಅಂದರೆ, ಅದೇ ಕ್ಷೇತ್ರದ ಮತದಾರರಾಗಿರಬೇಕು, ನನ್ನದು ಬೆಂಗಳೂರು. ಚಿಕ್ಕಪ್ಪ ಕೈ ಮುಗಿದರು: “ಇನ್ನು ಯಾವ ಕಾಗದಕ್ಕೂ ನಾನು ಸಹಿ ಹಾಕಲ್ಲ.” ಕೊನೆಗೆ ಅಮ್ಮ ನಾನು ಹಾಕ್ತೀನಿ ಅಂದಳು.

ನವೆಂಬರಿನ ಒಂದು ಭಾನುವಾರ, ಶಾಲೆಯಲ್ಲಿ ವಿಶೇಷ ಅಭಿಯಾನ ಇದ್ದಾಗ ಹೋದೆವು. ಟೀಚರ್ ಜೊತೆ ತಾಲ್ಲೂಕು ಕಚೇರಿಯ ಒಬ್ಬ ಹುಡುಗನೂ ಕೂತಿದ್ದ. ಅರ್ಜಿ ನೋಡಿ ಅವನಿಗೆ ತಲೆ ಕೆಟ್ಟಿತು. ಅರ್ಜಿದಾರರ ಹೆಸರು, ತೆಗೆಯಬೇಕಾದವರ ಹೆಸರು, ಎರಡೂ ಒಂದೇ.

“ಅಜ್ಜಿ, ನಿಮ್ಮ ಹೆಸರು ನೀವೇ ತೆಗೆಸ್ತಿದೀರಾ?”

ಟೀಚರ್ ಆಗ ನಕ್ಕರು. ಎರಡು ತಿಂಗಳ ಮೇಲೆ ಮೊದಲ ಸಲ. ನಾನು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಇದೇ ಅರ್ಜಿ ಹಿಡಿದು ಮತ್ತೆ ಅಮ್ಮನನ್ನೇ ತೆಗೆದರೆ? ಅರ್ಜಿಯ ಮೇಲ್ಭಾಗದಲ್ಲಿ ಟೀಚರ್ ದೊಡ್ಡದಾಗಿ ‘ಕ್ರ.ಸಂ. 421 ಮಾತ್ರ’ ಅಂತ ಬರೆದು ಅಡಿಗೆರೆ ಹಾಕಿದರು. ಗಂಡನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಬರೆದರು. ಮರಣ ಪ್ರಮಾಣಪತ್ರದ ಮೇಲೂ 421 ಬರೆದರು. ಮಹಜರಿನಲ್ಲೂ ಈ ಸಲ ನಂಬರ್ ಬಂತು.

ಜನವರಿಯಲ್ಲಿ ಅಂತಿಮ ಪಟ್ಟಿ ಬಂದ ರಾತ್ರಿ ನಾನು ಮೊದಲು ತೆಗೆದಿದ್ದು ಕೊನೆಯ ಪುಟಗಳನ್ನೇ. ‘ಇ’ ಅಕ್ಷರದ ಮುಂದೆ ಅಜ್ಜಿ ಇದ್ದರು, 421. ಅಮ್ಮ ತನ್ನ ಜಾಗದಲ್ಲಿ ಇದ್ದಳು.

ನನ್ನ ಎರಡನೇ ಪತ್ರಕ್ಕೆ ಹಿಂಬರಹ ಫೆಬ್ರವರಿಯಲ್ಲಿ ಬಂತು. ಮೊದಲನೆಯದಕ್ಕಿಂತ ಚಿಕ್ಕದು. ‘ಸದರಿ ವಿಷಯದಲ್ಲಿ ಈಗಾಗಲೇ ಕ್ರಮ ಕೈಗೊಂಡು ದೂರನ್ನು ಮುಕ್ತಾಯಗೊಳಿಸಲಾಗಿರುವುದರಿಂದ ಮುಂದಿನ ಕ್ರಮದ ಅವಶ್ಯಕತೆ ಇರುವುದಿಲ್ಲ.’ 412 ಹಾಕಿದ್ದು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

2024ರ ಏಪ್ರಿಲ್ 26ಕ್ಕೆ ನಮ್ಮ ಕಡೆ ಲೋಕಸಭೆ ಚುನಾವಣೆ. ಒಂದು ವಾರ ಮುಂಚೆ ಟೀಚರ್ ಮತದಾರರ ಚೀಟಿ ಹಂಚಲು ಮನೆಗೆ ಬಂದರು. ನಾನೂ ಅವತ್ತು ಊರಲ್ಲಿದ್ದೆ. ಅಮ್ಮ ಚೀಟಿಯನ್ನು ಬೆಳಕಿಗೆ ಹಿಡಿದು, ಹೆಸರು, ಅಪ್ಪನ ಹೆಸರು, ನಂಬರ್ ಮೂರನ್ನೂ ಬೆರಳಿಟ್ಟು ಓದಿದಳು. ಆಮೇಲೆ ಸಹಿ ಹಾಕಿದಳು.

“ಆ ನೋಟಿಸ್ ಏನಾಯ್ತು ಟೀಚರ್?”

“ಉತ್ತರ ಕೊಟ್ಟೆ ಅಮ್ಮಾ, ಇವರು ಕೊಟ್ಟ ಕಾಗದ ಎಲ್ಲ ಸೇರ್ಸಿ. ಆಮೇಲೆ ಏನೂ ಬಂದಿಲ್ಲ. ಬರ್ದೇ ಇದ್ರೆ ಸಾಕು.”

ಅಮ್ಮ ಚೀಟಿಯನ್ನು ದೀಪದ ಗೂಡಿನ ಪಕ್ಕದಲ್ಲಿಟ್ಟು ಕಾಫಿಗೆ ಹಾಲಿಟ್ಟಳು. ಟೀಚರ್ ಕೈಯಲ್ಲಿ ಇನ್ನೂ ಒಂದು ಕಟ್ಟು ಚೀಟಿ ಇತ್ತು. ಕೆರೆ ಹಿಂದಿನ ಮನೆಗಳಿಗೆ ಹೋಗಬೇಕು, ಬಿಸಿಲೇರುತ್ತೆ ಅಂತ ನಿಂತೇ ಕುಡಿದು ಹೊರಟರು.